ಮೂರು ಹೆಸರುಗಳ ಒಂದು ಮಂದಿರ

ಬೆಂಗಳೂರಿನ ನೃಪತುಂಗ ರಸ್ತೆಯಲ್ಲಿ ಮಿಥಿಕ್ ಸೊಸೈಟಿ ಎಂಬ ಸಂಘದ ಹಳೆಯ ಮಂದಿರವೊಂದಿರುವುದು. ಅದರ ಹೆಸರು ಡೇಲಿ ಸ್ಮಾರಕ ಮಂದಿರ. ಬೀದಿಗೆ ಒಂಬತ್ತನೆಯ ಶತಮಾನದ ರಾಷ್ಟ್ರಕೂಟ ಚಕ್ರವರ್ತಿಯ ಹೆಸರು. ಕಟ್ಟಡಕ್ಕೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರಿನಲ್ಲಿದ್ದ ಆಂಗ್ಲ ರೆಸಿಡೆಂಟನ ಹೆಸರು. ಸಂಘಕ್ಕೆ ಗ್ರೀಕ್ ಭಾಷೆಯಿಂದ ಇಂಗ್ಲಿಷಿಗೆ ಬಂದ ಪುರಾಣವಾಚಕ ಶಬ್ದ. ಒಂದೇ ಬಾಗಿಲಲ್ಲಿ ಈ ಮೂರು ಹೆಸರುಗಳೂ ಕೂಡಿರುವುವು. ಆದರೆ ಒಂದಕ್ಕೂ ಇನ್ನೊಂದಕ್ಕೂ ಏನು ಸಂಬಂಧವೆಂಬುದನ್ನು ಅಲ್ಲಿ ದಿನವೂ ಓಡಾಡುವ ನೂರು ಜನರಲ್ಲಿ ಹತ್ತು ಜನರಾದರೂ ಬಲ್ಲರೋ ಇಲ್ಲವೋ, ಸಂದೇಹವೇ. ಇದು ಅವರ ದೋಷವಲ್ಲ. ಪಾಣಿಪತ್ತಿನ ಮೂರು ಕದನಗಳ ಇಸವಿಗಳನ್ನು ನಮ್ಮ ಮಕ್ಕಳಿಂದ ಬಾಯಿಪಾಠ ಮಾಡಿಸುವೆವು. ಶಾಲೆಯ ಮುಂದಿನ ಬೀದಿಗೆ ಆ ಹೆಸರೇಕೆ ಬಂದಿತೆಂದು ಕೇಳಿದರೆ ಗುರುವೂ ಶಿಷ್ಯನೂ ಒಬ್ಬರ ಮುಖವನ್ನೊಬ್ಬರು ನೋಡುವರು.

ಸಂಘವೊಂದರ ಕಟ್ಟಡವನ್ನು ಅಗ್ರಲೇಖನದ ವಿಷಯವನ್ನಾಗಿ ಏಕೆ ಮಾಡಿಕೊಂಡಿರಿ ಎಂದು ವಾಚಕರು ಕೇಳಬಹುದು. ಕಾರಣವುಂಟು. ನಗರಗಳಲ್ಲಿ ನೆಲದ ಬೆಲೆ ಏರಿದಂತೆಲ್ಲ ಹಳೆಯ ಸಂಘ ಸಂಸ್ಥೆಗಳ ಮಂದಿರಗಳ ಮೇಲೆ ಎರಡು ಬಗೆಯ ಕಣ್ಣು ಬೀಳುತ್ತಿರುವುದು. ಒಂದು ವ್ಯಾಪಾರದ ಕಣ್ಣು. ಅದು ಹಳೆಯ ಗೋಡೆಯನ್ನು ಕೆಡವಿ ಅಂತಸ್ತಿನ ಮೇಲೆ ಅಂತಸ್ತು ಏರಿಸಬೇಕೆನ್ನುವುದು. ಇನ್ನೊಂದು ಅಭಿಮಾನದ ಕಣ್ಣು. ಅದು ಪರಕೀಯನ ಹೆಸರು ಕಂಡಲ್ಲೆಲ್ಲ ಅಳಿಸಬೇಕೆನ್ನುವುದು. ಮೊದಲನೆಯದನ್ನು ಖಂಡಿಸುವುದು ಸುಲಭ, ಖಂಡಿಸಿಯೇ ಇರುವೆವು. ಎರಡನೆಯದು ನಮ್ಮದೇ ಕಣ್ಣಾದುದರಿಂದ ಅದರ ವಿಷಯದಲ್ಲಿ ಮಾತನಾಡುವುದು ಕಷ್ಟ. ಆದರೂ ಆಡಲೇಬೇಕಾಗಿರುವುದು. ಏಕೆಂದರೆ ಈ ಮಂದಿರವು ನಿಂತಿರುವ ಬೀದಿಯು ಕನ್ನಡನಾಡು ತುಂಡಾದ ಕಥೆಗೂ ಅದು ಮರಳಿ ಕೂಡಿದ ಕಥೆಗೂ ಸಾಕ್ಷಿಯಾದ ಬೀದಿ. ಅದರ ಒಂದು ಪುಟವನ್ನು ಹರಿದರೆ ಇನ್ನೊಂದು ಪುಟವು ಅರ್ಥವಾಗದು.

ಮೊದಲು ನೆಲದ ಮಾತು. ಕೆಂಪೇಗೌಡನು ೧೫೩೭ರಲ್ಲಿ ಕಟ್ಟಿಸಿದ ಪೇಟೆಗೆ ಮೂಡಣ ದಿಕ್ಕಿನಲ್ಲಿ ಹಲಸೂರಿನ ಕಡೆಗೆ ತೆರೆಯುವ ಬಾಗಿಲೊಂದಿದ್ದಿತು. ಬಾಗಿಲು ಹೋಗಿ ಎಷ್ಟೋ ಕಾಲವಾಯಿತು; ಹಲಸೂರು ಗೇಟು ಎಂಬ ಹೆಸರು ಮಾತ್ರ ಅಲ್ಲಿನ ಪೋಲೀಸು ಠಾಣೆಗೆ ಅಂಟಿಕೊಂಡು ಉಳಿದಿರುವುದು. ಈಗ ಹಡ್ಸನ್ ವೃತ್ತವೆಂದು ಕರೆಯುವ ಕೂಡುದಾರಿಯು ಅದರ ಹೊರಗಣ ನೆಲ. ೧೭೯೧ನೆಯ ಇಸವಿ ಮಾರ್ಚ್ ೭ನೆಯ ತಾರೀಖು ಕಾರ್ನ್‌ವಾಲಿಸನ ಸೈನ್ಯವು ಪೇಟೆಯ ಸುತ್ತಣ ಮುಳ್ಳುಬೇಲಿಯನ್ನೂ ಕಂದಕವನ್ನೂ ದಾಟಿ, ಬಾಗಿಲನ್ನು ತೋಪಿನಿಂದ ಮುರಿದು ಒಳನುಗ್ಗಿತು. ಆ ಬಾಗಿಲಲ್ಲಿಯೇ ಇಂಗ್ಲಿಷರ ಕರ್ನಲ್ ಮೂರ್‌ಹೌಸನು ಬಿದ್ದನು. ಟೀಪೂ ಸುಲ್ತಾನನ ದಂಡು ಅಂದೇ ಪೇಟೆಯನ್ನು ಮರಳಿ ಪಡೆಯಲು ಬೀದಿಬೀದಿಗಳಲ್ಲಿ ಹೋರಾಡಿ ಹಿಂದೆಗೆಯಿತು. ಅಲ್ಲಿಂದ ಮುಂದೆ ಎರಡು ವಾರ ಕೋಟೆಯ ಮುತ್ತಿಗೆ. ಮಾರ್ಚ್ ೨೧ರ ರಾತ್ರಿ, ಬೆಳದಿಂಗಳಲ್ಲಿ, ಒಡೆದ ಗೋಡೆಯನ್ನು ಹತ್ತಿ ಶತ್ರುಗಳು ಕೋಟೆಯನ್ನು ಹೊಕ್ಕರು. ಕಿಲ್ಲೇದಾರ ಬಹಾದ್ದೂರ್ ಖಾನನು ಶರಣಾಗದೆ ಕಾದಿ ಮಡಿದನು. ಅವನ ಕರ್ತವ್ಯನಿಷ್ಠೆಯನ್ನು ಶತ್ರುಪಕ್ಷದವರೇ ತಮ್ಮ ಗ್ರಂಥಗಳಲ್ಲಿ ಮೆಚ್ಚಿ ಬರೆದಿರುವರು.

ಇದೇ ವಾರಗಳಲ್ಲಿ ನಮ್ಮ ಧಾರವಾಡದ ಕೋಟೆಯಲ್ಲಿ ಏನಾಗುತ್ತಿದ್ದಿತೆಂಬುದನ್ನು ಬೆಂಗಳೂರಿನವರು ನೆನೆಯುವುದು ಅಪರೂಪ. ಬೆಂಗಳೂರಿನ ಕಾಳಗವನ್ನು ಧಾರವಾಡದವರು ನೆನೆಯುವುದೂ ಅಷ್ಟೇ ಅಪರೂಪ. ಅಲ್ಲಿ ಪರಶುರಾಮಭಾವು ಪಟವರ್ಧನನ ಮರಾಠೀ ಸೈನ್ಯವೂ ಕ್ಯಾಪ್ಟನ್ ಲಿಟಲ್ ಎಂಬವನ ಇಂಗ್ಲಿಷ್ ಪಡೆಯೂ ೧೭೯೦ರ ಸೆಪ್ಟೆಂಬರಿನಿಂದ ಕೋಟೆಯನ್ನು ಸುತ್ತಿಕೊಂಡು ಕುಳಿತಿದ್ದುವು. ಕಿಲ್ಲೇದಾರ ಬದ್ರುಜ್ಜಮಾನ್ ಖಾನನು ಆರು ತಿಂಗಳಿಗೂ ಮೀರಿ ತಡೆದು, ಬೆಂಗಳೂರು ಬಿದ್ದ ಸ್ವಲ್ಪ ದಿನಗಳಲ್ಲಿಯೇ, ೧೭೯೧ರ ಏಪ್ರಿಲಿನಲ್ಲಿ ಕೋಟೆಯನ್ನು ಬಿಟ್ಟುಕೊಟ್ಟನು. ಒಂದೇ ಯುದ್ಧ, ಒಂದೇ ವಸಂತಋತು, ಎರಡು ಕನ್ನಡ ಊರುಗಳು. ಆ ರಾಜ್ಯವು ಕನ್ನಡಿಗರದೆಂದು ಎಣಿಸಿ ಕಟ್ಟಿದುದಲ್ಲವೆಂಬುದು ನಿಜ. ಅದರಲ್ಲಿ ಮಲೆಯಾಳದ ಸೀಮೆಯೂ ತಮಿಳರ ಸೀಮೆಯೂ ಇದ್ದುವು. ವಿಜಾಪುರ ಕಲಬುರ್ಗಿಗಳಂತಹ ಅಚ್ಚ ಕನ್ನಡ ಪ್ರದೇಶಗಳು ಅದಕ್ಕೆ ಹೊರಗಾಗಿದ್ದುವು. ಆದರೂ ಧಾರವಾಡ, ಬಳ್ಳಾರಿ, ಮಂಗಳೂರು, ಬೆಂಗಳೂರುಗಳು ಅಂದು ಒಂದೇ ಆಳ್ವಿಕೆಯಲ್ಲಿದ್ದುವೆಂಬುದೂ ನಿಜ. ೧೭೯೨ರ ಶ್ರೀರಂಗಪಟ್ಟಣದ ಕೌಲಿನಲ್ಲಿ ಅರ್ಧ ರಾಜ್ಯವು ಹಂಚಿಹೋಯಿತು. ಧಾರವಾಡದ ಸೀಮೆಯು ಪೇಶವೆಯರಿಗೆ ಸಂದಿತು. ೧೭೯೯ರಲ್ಲಿ ಉಳಿದುದನ್ನೂ ಹಂಚಿದರು. ಕರಾವಳಿಯನ್ನು ಕುಂಪಣಿಯವರು ತೆಗೆದುಕೊಂಡರು. ಬಳ್ಳಾರಿಯು ನಿಜಾಮನ ಕೈಸೇರಿ ೧೮೦೦ರಲ್ಲಿ ಅವನಿಂದ ಮದರಾಸಿಗೆ ದತ್ತವಾಯಿತು. ಪೇಶವೆಯರು ಬಿದ್ದ ಮೇಲೆ ಧಾರವಾಡವು ಮುಂಬಯಿಯ ಪಾಲಾಯಿತು. ೧೮೩೪ರಲ್ಲಿ ಕೊಡಗು ಪ್ರತ್ಯೇಕ ಪ್ರಾಂತವಾಯಿತು. ೧೮೬೨ರಲ್ಲಿ ಕನ್ನಡ ಜಿಲ್ಲೆಯನ್ನೇ ಸೀಳಿ ಉತ್ತರಭಾಗವನ್ನು ಮುಂಬಯಿಗೆ ಕೊಟ್ಟರು. ಕಾರವಾರದವನು ಮುಂಬಯಿಯವನು, ಮಂಗಳೂರಿನವನು ಮದರಾಸಿನವನು! ನಾವು ಏಕೀಕರಣವೆಂದು ಕೂಗಿ ಕೂಗಿ ಗಂಟಲು ಒಣಗಿಸಿಕೊಂಡುದು ಈ ಹಂಚಿಕೆಯನ್ನು ಅಳಿಸುವುದಕ್ಕಾಗಿ. ಆ ಹಂಚಿಕೆಗೆ ದಾರಿಮಾಡಿದ ಕದನಗಳಲ್ಲೊಂದು ನಡೆದುದು ಹಲಸೂರು ಬಾಗಿಲ ಮುಂದೆ.

ಗೆದ್ದವರು ತಮ್ಮ ಸತ್ತವರನ್ನು ಮರೆಯಲಿಲ್ಲ. ಆ ಯುದ್ಧದಲ್ಲಿ ಮಡಿದ ತಮ್ಮವರ ನೆನಪಿಗಾಗಿ ಬಾಗಿಲ ಹೊರಗಣ ಬಯಲಿನಲ್ಲಿ ಎತ್ತರವಾದ ಕಲ್ಲುಕಂಬವೊಂದನ್ನು ನಿಲ್ಲಿಸಿದರು. ಇಂಗ್ಲಿಷಿನಲ್ಲಿ ಅದು ಸೆನೊಟಾಫ್. ಎಂದರೆ ದೇಹವಿಲ್ಲದ ಬರಿ ಗೋರಿ. ಅದರಿಂದ ಹೊರಡುವ ದಾರಿಗೆ ಸೆನೊಟಾಫ್ ರಸ್ತೆಯೆಂಬ ಹೆಸರಾಯಿತು. ಆ ದಾರಿಯೇ ಇಂದಿನ ನೃಪತುಂಗ ರಸ್ತೆ. ಕೋಟೆಯನ್ನು ಕಾದು ಸತ್ತವರಿಗಾಗಿ ಅಲ್ಲಿ ಯಾವ ಕಂಬವೂ ಏಳಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಕೋಟೆಯ ಗೋಡೆಯ ಮೇಲೆ ಇಂದಿಗೂ ಇರುವ ಇಂಗ್ಲಿಷ್ ಫಲಕವೂ ಅಷ್ಟೇ: ನುಗ್ಗಿದವರ ವಿಷಯ ಹೇಳುವುದು, ತಡೆದವರ ವಿಷಯ ಹೇಳುವುದಿಲ್ಲ.

ಮುಂದೆ ೧೮೦೯ರಲ್ಲಿ ಹಲಸೂರಿನ ಕಡೆಗೆ ಇಂಗ್ಲಿಷರ ದಂಡು ಬಂದು ನೆಲಸಿತು. ಅಲ್ಲಿಂದ ಬೆಂಗಳೂರು ಎಂಬುದು ಒಂದೂರಲ್ಲ, ಎರಡೂರು. ಪೇಟೆಯ ಕಡೆ ಕನ್ನಡ, ಅಂಗಡಿಬೀದಿ, ಗುಡಿ, ಮಸೀದಿ, ಮಗ್ಗದ ಸಪ್ಪಳ. ದಂಡಿನ ಕಡೆ ಕವಾಯತು, ಕ್ಲಬ್ಬು, ಇಂಗ್ಲಿಷ್ ಅಂಗಡಿ. ೧೮೬೨ರಲ್ಲಿ ಎರಡಕ್ಕೂ ಎರಡು ಮುನಿಸಿಪಾಲಿಟಿಗಳಾದುವು. ೧೮೮೧ರಲ್ಲಿ ಮೈಸೂರು ರಾಜ್ಯವನ್ನು ಅರಸರಿಗೆ ಹಿಂದಿರುಗಿಸಿದಾಗಲೂ ದಂಡನ್ನು ಮಾತ್ರ ರೆಸಿಡೆಂಟನ ಕೈಯಲ್ಲಿಯೇ ಇಟ್ಟುಕೊಂಡರು. ಅದು ಮರಳಿ ಮೈಸೂರಿಗೆ ಬಂದುದು ೧೯೪೭ರಲ್ಲಿ. ಎರಡು ಮುನಿಸಿಪಾಲಿಟಿಗಳು ಕೂಡಿ ಒಂದು ನಗರಸಭೆಯಾದುದು ೧೯೪೯ರಲ್ಲಿ. ಕನ್ನಡನಾಡಿನ ಏಕೀಕರಣಕ್ಕೆ ಏಳು ವರ್ಷ ಮೊದಲು ಬೆಂಗಳೂರಿನ ಏಕೀಕರಣವಾಯಿತೆನ್ನಬೇಕು. ನಮ್ಮ ಕಥೆಯ ಬೀದಿಯು ಈ ಎರಡು ಊರುಗಳ ನಡುವಣ ಸಂದಿಯಲ್ಲಿ, ಪೇಟೆಗೂ ಕಬ್ಬನ್ ಉದ್ಯಾನಕ್ಕೂ ನಡುವೆ ಹಾಯುವುದು. ಅದರ ತುದಿಯಲ್ಲಿ ವೆಸ್ಲಿಯನ್ ಮಿಶನ್ನಿನವರು ೧೯೦೪ರಲ್ಲಿ ಹಡ್ಸನ್ ಎಂಬ ಪಾದ್ರಿಯ ಹೆಸರಿನ ಇಗರ್ಜಿಯನ್ನು ಕಟ್ಟಿದರು. ಅಲ್ಲಿ ಪ್ರಾರ್ಥನೆ ನಡೆಯುವುದು ಕನ್ನಡದಲ್ಲಿ! ಪರಕೀಯವೆಂದು ಹೊರಗಿನಿಂದ ಎಣಿಸಿದ ಗೋಡೆಯ ಒಳಗೆ ಕಿವಿಗೊಟ್ಟರೆ ನಮ್ಮ ನುಡಿಯೇ ಕೇಳಿಬರುವ ಪ್ರಸಂಗಗಳು ಈ ಬೀದಿಯಲ್ಲಿ ಒಂದಲ್ಲ, ಎರಡಲ್ಲ.

ಇಂತಹ ಸಂದಿಯಲ್ಲಿ ಹುಟ್ಟಿದುದು ಮಿಥಿಕ್ ಸೊಸೈಟಿ. ೧೯೦೯ರಲ್ಲಿ ಅದನ್ನು ಕಟ್ಟಲು ಮುಂದಾದವರು ದಂಡಿನ ಕಲೆಕ್ಟರಾಗಿದ್ದ ಎಫ್. ಜೆ. ರಿಚರ್ಡ್ಸ್ ಎಂಬವರು. ಅದರ ಅಧ್ಯಕ್ಷರಾಗಿ ಬಹುಕಾಲ ದುಡಿದವರು ಟಬಾರ್ಡ್ ಎಂಬ ಪಾದ್ರಿಗಳು. ಈ ದೇಶದ ಪುರಾಣ, ಚರಿತ್ರೆ, ಜನಪದದ ನಂಬಿಕೆ, ಶಾಸನ ಮುಂತಾದುವನ್ನು ಕುರಿತು ಕೂಡಿ ಓದಿ ಚರ್ಚಿಸುವುದು ಸಂಘದ ಉದ್ದೇಶ. ಅದೇ ವರ್ಷ ಮೊದಲಾದ ತ್ರೈಮಾಸಿಕ ಪತ್ರಿಕೆಯು ನೂರು ವರ್ಷ ದಾಟಿ ಬಂದಿರುವುದು. ಕನ್ನಡದಲ್ಲಿ ಪತ್ರಿಕೆ ನಡೆಸಿ ಕೈಸುಟ್ಟುಕೊಂಡವರೆಲ್ಲರೂ ಇದೊಂದು ಸಂಗತಿಗೇ ಅವರಿಗೆ ಕೈಮುಗಿಯತಕ್ಕುದು. ಸ್ವಂತ ಮಂದಿರಕ್ಕೆ ೧೯೧೬ರಲ್ಲಿ ಯುವರಾಜ ಕಂಠೀರವ ನರಸಿಂಹರಾಜ ಒಡೆಯರವರು ಅಡಿಗಲ್ಲಿಟ್ಟರು. ೧೯೧೭ರಲ್ಲಿ ಅದು ಸಿದ್ಧವಾಯಿತು. ಮೈಸೂರಿನ ಅರಸುಮನೆತನದ ಆಶ್ರಯವೂ ಸರಕಾರದ ನೆರವೂ ಅದಕ್ಕೆ ದೊರೆತುವು. ಹೆಸರು ಮಾತ್ರ ೧೯೧೦ರಿಂದ ೧೯೧೬ರ ವರೆಗೆ ರೆಸಿಡೆಂಟರಾಗಿದ್ದ ಸರ್ ಹ್ಯೂ ಡೇಲಿಯವರದು. ನೆಲವು ಕನ್ನಡನಾಡಿನದು, ಅಡಿಗಲ್ಲಿಟ್ಟ ಕೈ ಮೈಸೂರಿನದು, ಹೆಸರು ವಿಲಾಯಿತಿಯದು! ಅಂದಿನ ಕಾಲದ ರೀತಿಯೇ ಹಾಗೆ. ರೆಸಿಡೆಂಟನು ಇಂದಿನ ರಾಜಭವನದಲ್ಲಿ ಕುಳಿತಿದ್ದನು. ಅರಸರ ಉಡುಗೊರೆಗೂ ಅವನ ಹೆಸರಿನ ಮುದ್ರೆ ಬೀಳುತ್ತಿದ್ದಿತು. ಆದರೆ ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ೧೮೮೧ರಲ್ಲಿ ಮೈಸೂರಿನ ಅರಸರ ಮೇಲೆ ಹೊರಿಸಿದ್ದ ರಾಜ್ಯಾರ್ಪಣ ಪತ್ರದ ಷರತ್ತುಗಳಿಗೆ ಬದಲಾಗಿ ೧೯೧೩ರಲ್ಲಿ ಹೆಚ್ಚು ಗೌರವದ ಒಪ್ಪಂದವಾದುದು ಡೇಲಿಯವರು ರೆಸಿಡೆಂಟರಾಗಿದ್ದಾಗಲೇ.

ಅದೇ ೧೯೧೭ನೆಯ ಇಸವಿಯಲ್ಲಿ ಧಾರವಾಡದಲ್ಲಿ ಇನ್ನೊಂದು ಕಟ್ಟಡವೆದ್ದಿತು. ಅದು ಇಟ್ಟಿಗೆ ಸುಣ್ಣದ್ದಲ್ಲ, ಕಾಗದದ್ದು. ಆಲೂರ ವೆಂಕಟರಾಯರು ‘ಕರ್ನಾಟಕ ಗತವೈಭವ’ವನ್ನು ಪ್ರಕಟಿಸಿದರು. ಬೆಂಗಳೂರಿನ ಮಂದಿರದಲ್ಲಿ ಗಂಗ, ಕದಂಬ, ಚಾಲುಕ್ಯರ ಮಾತು ಇಂಗ್ಲಿಷಿನಲ್ಲಿ, ಕುರ್ಚಿಯ ಮೇಲೆ ಕುಳಿತ ಕೆಲವರ ಮುಂದೆ ನಡೆಯುತ್ತಿದ್ದಿತು. ಅದೇ ಗಂಗ ಕದಂಬ ಚಾಲುಕ್ಯರು ಆಲೂರರ ಪುಸ್ತಕದಲ್ಲಿ ಕನ್ನಡ ಮಾತನಾಡುತ್ತ ಕನ್ನಡಿಗರ ಮನೆಗಳಿಗೆ ನಡೆದುಬಂದರು. ಇವೆರಡನ್ನೂ ಎದುರುಬದುರು ನಿಲ್ಲಿಸಿ, ಒಂದು ಪರಕೀಯರ ಚರಿತ್ರೆ, ಒಂದು ಸ್ವಕೀಯರ ಚರಿತ್ರೆ ಎಂದು ಭೇದವೆಣಿಸುವ ಗೆಳೆಯರು ನಮ್ಮಲ್ಲಿರುವರು. ನಾವು ಹಾಗೆಣಿಸಲಾರೆವು. ಆಲೂರರ ಕಾಲದ ಚರಿತ್ರಕಾರನಿಗೆ ಆಧಾರಗಳನ್ನು ಒದಗಿಸಿದವರು ಯಾರು? ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳ ಅರಸುಮನೆತನಗಳ ಮೇಲೆ ೧೮೮೨ರಲ್ಲಿ ಗ್ರಂಥ ಬರೆದ ಫ್ಲೀಟ್ ಮಹಾಶಯರು. ಮೈಸೂರು ಸೀಮೆಯ ಹಳ್ಳಿಹಳ್ಳಿಯ ಶಾಸನಗಳನ್ನು ಸಂಪುಟ ಸಂಪುಟವಾಗಿ ಅಚ್ಚು ಹಾಕಿಸಿದ ರೈಸ್ ಮಹಾಶಯರು. ೧೮೯೪ರಲ್ಲಿ ನಿಘಂಟನ್ನು ಮುಗಿಸಿಕೊಟ್ಟ ಕಿಟೆಲ್ ಪಾದ್ರಿಗಳು. ಇವರಲ್ಲಿ ಕೆಲವರು ಆಳುವವರ ಅನುಕೂಲಕ್ಕಾಗಿ ಕೆಲಸ ಮಾಡಿದರು, ಕೆಲವರು ಮತಪ್ರಚಾರಕ್ಕಾಗಿ ಮಾಡಿದರು, ಎಲ್ಲರೂ ಕೊನೆಕೊನೆಗೆ ಕನ್ನಡದ ಮೋಹಕ್ಕಾಗಿ ಮಾಡಿದರೆಂದು ನಮಗೆ ತೋರುವುದು. ಸಂಬಳಕ್ಕಾಗಿ ಮಾತ್ರ ದುಡಿಯುವವನು ಅಷ್ಟು ದುಡಿಯನು. ಇದನ್ನು ಸಂಬಳದ ನೌಕರರಾದ ನಮ್ಮ ವಾಚಕರು ಚೆನ್ನಾಗಿ ಬಲ್ಲರು.

ಇನ್ನು ಬೀದಿಯ ಹೆಸರಿಗೆ ಬರುವ. ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ಕಾವೇರಿಯಿಂದ ಗೋದಾವರಿಯ ವರೆಗಿನ ನಾಡನ್ನು ಕನ್ನಡನಾಡೆಂದು ಕರೆದಿರುವುದನ್ನು ನಮ್ಮ ಶಾಲೆಯ ಹುಡುಗರೂ ಬಲ್ಲರು. ಏಕೀಕರಣದ ಸಭೆಗಳಲ್ಲಿ ಆ ಗ್ರಂಥವನ್ನು ಹೆಸರಿಸದ ವಕ್ತಾರನಿಲ್ಲ. ಆದರೆ ಅದು ಅಚ್ಚಿನ ಮೂಲಕ ನಮ್ಮ ಕೈಗೆ ಬಂದುದು ಹೇಗೆ? ೧೮೯೮ರಲ್ಲಿ ಮುಂಬಯಿ ಇಲಾಖೆಯ ವಿದ್ವಾಂಸರಾದ ಕೆ. ಬಿ. ಪಾಠಕರು ಅದನ್ನು ಸಂಪಾದಿಸಿಕೊಟ್ಟರು. ಮೈಸೂರು ಸರಕಾರದ ಗ್ರಂಥಮಾಲೆಯಲ್ಲಿ ಬೆಂಗಳೂರಿನಲ್ಲಿ ಅದು ಅಚ್ಚಾಯಿತು. ಆ ಮಾಲೆಯನ್ನು ನಡೆಸುತ್ತಿದ್ದವರು ಬೆಂಗಳೂರಿನಲ್ಲಿಯೇ ಹುಟ್ಟಿದ ಇಂಗ್ಲಿಷರಾದ ರೈಸರು. ಪ್ರಾಂತಗಳು ಕೂಡುವುದಕ್ಕೆ ೫೮ ವರ್ಷ ಮೊದಲು ಒಂದು ಪುಸ್ತಕದ ರಟ್ಟಿನೊಳಗೆ ಮುಂಬಯಿಯೂ ಮೈಸೂರೂ ಕೂಡಿದ್ದುವು. ಕೂಡಿಸಿದ ದಾರದಲ್ಲಿ ಒಂದು ಎಳೆ ಪರಕೀಯರದೂ ಇದ್ದಿತು.

ಸ್ವಾತಂತ್ರ್ಯ ಬಂದಿತು. ೧೯೫೬ರ ನವೆಂಬರ್ ೧ರಂದು ಕನ್ನಡನಾಡು ಒಂದಾಯಿತು. ಕಾಸರಗೋಡು ಹೊರಗುಳಿದ ನೋವು ಬೇರೆ. ೧೯೬೪ರ ಅಕ್ಟೋಬರಿನಲ್ಲಿ ಬೆಂಗಳೂರಿನ ನಗರಸಭೆಯು ಸೆನೊಟಾಫ್ ಕಂಬವನ್ನು ಉರುಳಿಸಿತು. ಸೆನೊಟಾಫ್ ರಸ್ತೆಯು ನೃಪತುಂಗ ರಸ್ತೆಯಾಯಿತು. ಆ ಕಂಬವು ಬಿದ್ದುದಕ್ಕೆ ನಾವು ಕಣ್ಣೀರು ಸುರಿಸಲಾರೆವು. ನಮ್ಮ ಸೋಲಿನ ಮೇಲೆ ಶತ್ರುವು ನೆಟ್ಟ ಕಲ್ಲನ್ನು ದಿನವೂ ನೋಡುತ್ತ ನಡೆಯಬೇಕಾಗಿದ್ದ ಜನರ ಎದೆಯ ಉರಿ ನಮಗೆ ತಿಳಿಯದುದಲ್ಲ. ಬೀದಿಗೆ ಬಂದ ಹೊಸ ಹೆಸರಿಗಿಂತ ಒಳ್ಳೆಯ ಹೆಸರನ್ನು ಯಾರೂ ಯೋಚಿಸಲಾರರು: ನಾಡನ್ನು ಹಂಚಿದ ಯುದ್ಧದ ಕಂಬದ ದಾರಿಗೆ, ನಾಡಿನ ಎಲ್ಲೆಯನ್ನು ಹೇಳಿದ ಗ್ರಂಥದ ಅರಸನ ಹೆಸರು! ಆದರೆ ಕಂಬವನ್ನು ಉರುಳಿಸಿದವರು ಒಂದು ಕೆಲಸವನ್ನು ಮರೆತರು. ಆ ಸ್ಥಳದಲ್ಲಿ ಕನ್ನಡದಲ್ಲಿ ಒಂದು ಕಲ್ಲನ್ನು ನೆಟ್ಟು, ಇಲ್ಲಿ ೧೭೯೧ರಲ್ಲಿ ಇಂಥ ಕಾಳಗ ನಡೆಯಿತು, ಪೇಟೆಯವರು ಹೀಗೆ ಕಾದಿದರು, ಇಂಥವರು ಮಡಿದರು, ಇದರಿಂದ ನಮ್ಮ ನಾಡು ಹೀಗೆ ಒಡೆಯಿತು, ೧೯೫೬ರಲ್ಲಿ ಹೀಗೆ ಕೂಡಿತು ಎಂದು ಬರೆಯಿಸಿದ್ದರೆ ಎಷ್ಟು ಚೆನ್ನಾಗಿರುತ್ತಿದ್ದಿತು! ಇಂಗ್ಲಿಷರ ಕಂಬವು ಅರ್ಧ ಸತ್ಯವನ್ನಾದರೂ ಹೇಳುತ್ತಿದ್ದಿತು. ಅದನ್ನು ಕೆಡವಿದ ನಾವು ಉಳಿದರ್ಧವನ್ನು ಬರೆಯದೆ ಹೋದೆವು. ಈಗ ಆ ಕೂಡುದಾರಿಯಲ್ಲಿ ವಾಹನಗಳಿಗಾಗಿ ನಿಂತ ಹುಡುಗನಿಗೆ ಯುದ್ಧವೂ ತಿಳಿಯದು, ಗೆಲವೂ ತಿಳಿಯದು. ಆ ವೃತ್ತವು ಪಾದ್ರಿಯೊಬ್ಬನ ಹೆಸರಿನದೆಂಬುದೊಂದೇ ಅವನಿಗೆ ಫಲಕದಿಂದ ದೊರೆಯುವ ಇತಿಹಾಸ.

ಇದೇ ತಪ್ಪನ್ನು ಸಂಘದ ಮಂದಿರದ ವಿಷಯದಲ್ಲಿ ಮಾಡಬಾರದೆಂದು ನಮ್ಮ ಅಭಿಪ್ರಾಯ. ಡೇಲಿಯ ಹೆಸರನ್ನು ತೆಗೆದುಹಾಕಿರಿ ಎನ್ನುವವರಿಗೆ ನಾವು ಹೇಳತಕ್ಕದ್ದೇನೆಂದರೆ: ತೆಗೆಯುವುದು ಒಂದು ಗಳಿಗೆಯ ಕೆಲಸ, ಬರೆಯುವುದೇ ಕಷ್ಟದ ಕೆಲಸ. ಮೊದಲು ಬರೆಯಿರಿ. ಅಡಿಗಲ್ಲಿಟ್ಟವರು ಯಾರು, ನೆರವಾದವರು ಯಾರು, ಅಲ್ಲಿ ಓದಿದ ವಿದ್ವಾಂಸರು ಯಾರು, ಮಂದಿರದ ಮುಂದಿನ ದಾರಿಯ ಹಳೆಯ ಹೆಸರೇನು, ಅದೇಕೆ ಬದಲಾಯಿತು ಎಂಬುದನ್ನು ಬಾಗಿಲ ಪಕ್ಕದಲ್ಲಿ ಕನ್ನಡದ ಕಲ್ಲಿನಲ್ಲಿ ಕೊರೆಯಿಸಿರಿ. ಆಗ ರೆಸಿಡೆಂಟನ ಹೆಸರು ತಾನಾಗಿಯೇ ತನ್ನ ಅಳತೆಗೆ ಇಳಿಯುವುದು. ನೂರು ಹೆಸರುಗಳ ನಡುವೆ ಒಂದು ಹೆಸರಾಗುವುದು.

ಇದಕ್ಕೆ ಸರಿಯಾದ ಹೋಲಿಕೆಯು ಅದೇ ನಗರದಲ್ಲಿ, ಕೋಟೆಯ ಇನ್ನೊಂದು ಮಗ್ಗುಲಲ್ಲಿರುವುದು. ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿನ ಮಂದಿರ. ಚಾಮರಾಜಪೇಟೆಯೇ ೧೮೯೨ರಲ್ಲಿ ನೇರವಾದ ಬೀದಿಗಳನ್ನು ಎಳೆದು ಕಟ್ಟಿದ ಹೊಸ ಬಡಾವಣೆ. ೧೯೧೫ರಲ್ಲಿ ಹುಟ್ಟಿದ ಪರಿಷತ್ತಿಗೆ ಹದಿನೆಂಟು ವರ್ಷಗಳ ಮೇಲೆ, ೧೯೩೩ರಲ್ಲಿ ಅಲ್ಲಿ ಸ್ವಂತ ಮಂದಿರವಾಯಿತು. ಹೆಸರು ಶ್ರೀಕೃಷ್ಣರಾಜ ಪರಿಷನ್ಮಂದಿರ. ಇಲ್ಲಿಯೂ ಆಳುವವರ ಹೆಸರೇ; ಆದರೆ ಕನ್ನಡದ ಅರಸರದು. ಸಂಸ್ಥೆಯ ಹೆಸರೂ ಒಮ್ಮೆ ಬದಲಾಗಿರುವುದು: ೧೯೩೮ರ ವರೆಗೆ ಅದು ಕರ್ಣಾಟಕ ಸಾಹಿತ್ಯ ಪರಿಷತ್ತು, ಅಲ್ಲಿಂದೀಚೆಗೆ ಕನ್ನಡ ಸಾಹಿತ್ಯ ಪರಿಷತ್ತು. ನಾಡಿಗೆ ಕರ್ನಾಟಕವೆಂಬ ಹೆಸರು ೧೯೭೩ರಲ್ಲಿ ಬಂದಿತಷ್ಟೆ. ನಾಡಿಗೆ ಆ ಹೆಸರಿಲ್ಲದಾಗ ಪರಿಷತ್ತಿಗಿದ್ದಿತು; ನಾಡಿಗೆ 그 ಹೆಸರು ಬರುವಾಗ ಪರಿಷತ್ತಿಗೆ ಇನ್ನೊಂದಿದ್ದಿತು!

ಪರಿಷತ್ತಿನ ಸಮ್ಮೇಳನಗಳ ಪಟ್ಟಿಯನ್ನು ಶಾಲೆಯ ಉಪಾಧ್ಯಾಯರು ಒಮ್ಮೆ ಭೂಪಟದ ಮೇಲೆ ಗುರುತು ಹಾಕಿ ನೋಡಬೇಕು. ೧೯೧೮ರಲ್ಲಿ ಧಾರವಾಡ, ೧೯೨೦ರಲ್ಲಿ ಹೊಸಪೇಟೆ, ೧೯೨೩ರಲ್ಲಿ ವಿಜಾಪುರ, ೧೯೨೫ರಲ್ಲಿ ಬೆಳಗಾವಿ, ೧೯೨೬ರಲ್ಲಿ ಬಳ್ಳಾರಿ, ೧೯೨೭ರಲ್ಲಿ ಮಂಗಳೂರು, ೧೯೨೮ರಲ್ಲಿ ಕಲಬುರ್ಗಿ, ೧೯೩೧ರಲ್ಲಿ ಕಾರವಾರ, ೧೯೩೨ರಲ್ಲಿ ಮಡಿಕೇರಿ, ೧೯೩೪ರಲ್ಲಿ ರಾಯಚೂರು, ೧೯೩೭ರಲ್ಲಿ ಜಮಖಂಡಿ. ಮುಂಬಯಿ, ಮದರಾಸು, ನಿಜಾಮ ಸಂಸ್ಥಾನ, ಕೊಡಗು, ಪಟವರ್ಧನರ ಚಿಕ್ಕ ಸಂಸ್ಥಾನ; ೧೭೯೨ರಿಂದ ಹರಿದುಹೋದ ತುಂಡುಗಳೆಲ್ಲವನ್ನೂ ಆ ಸಮ್ಮೇಳನಗಳು ಹೊಲಿಗೆಯ ಸೂಜಿಯಂತೆ ಹಾದುಬಂದುವು. ಜಮಖಂಡಿಯನ್ನು ಆಳುತ್ತಿದ್ದವರು ಧಾರವಾಡಕ್ಕೆ ಮುತ್ತಿಗೆ ಹಾಕಿದ ಪರಶುರಾಮಭಾವುವಿನ ಮನೆತನದವರೇ! ಹೀಗೆ ಬೆಂಗಳೂರಿನ ಒಂದು ಸಂಘವು ನಾಡು ಒಡೆದ ದಾರಿಯಲ್ಲಿ ಮನೆಮಾಡಿ ಹಳೆಯ ಕಲ್ಲುಗಳನ್ನು ಓದಿತು. ಇನ್ನೊಂದು ಸಂಘವು ಕೋಟೆಯ ಪಕ್ಕದ ಹೊಸ ಪೇಟೆಯಲ್ಲಿ ಮನೆಮಾಡಿ ಹೊಸ ನಾಡನ್ನು ಹೊಲಿಯಿತು. ಇವೆರಡಕ್ಕೂ ಹಿರಿಯಕ್ಕನಾದ ಧಾರವಾಡದ ವಿದ್ಯಾವರ್ಧಕ ಸಂಘವು ೧೮೯೦ರಷ್ಟು ಹಿಂದೆಯೇ ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಹುಟ್ಟಿ, ಮರಾಠಿಯ ನೆರಳಲ್ಲಿ ಬಾಡುತ್ತಿದ್ದ ಕನ್ನಡಕ್ಕೆ ನೀರೆರೆದ ಕಥೆಯನ್ನು ಇನ್ನೊಮ್ಮೆ ಬರೆಯುವೆವು. ಅದು ಒಂದು ಲೇಖನದ ಬಾಲದಲ್ಲಿ ಕಟ್ಟತಕ್ಕ ಕಥೆಯಲ್ಲ.

ಈಗ ನಮ್ಮ ಬೇಡಿಕೆ. ಕಟ್ಟಡಗಳನ್ನು ಉಳಿಸಿರಿ ಎಂಬುದು ಸರಿಯೇ. ಆದರೆ ಮಿಥಿಕ್ ಸೊಸೈಟಿಯಂತಹ ಸಂಘದ ನಿಜವಾದ ಆಸ್ತಿಯು ಗೋಡೆಯಲ್ಲ, ಗೋಡೆಯೊಳಗಣ ಪುಸ್ತಕ. ನೂರು ವರ್ಷಗಳ ಪತ್ರಿಕೆಯ ಹಳೆಯ ಸಂಪುಟಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುವುವು. ಅವುಗಳಲ್ಲಿ ನಮ್ಮ ಹಳ್ಳಿಗಳ ದೇವತೆಗಳು, ನಮ್ಮ ಅರಸರು, ನಮ್ಮ ಕೆರೆಗಳು, ನಮ್ಮ ಜಾತ್ರೆಗಳು ಇರುವುವು. ತಾಲ್ಲೂಕಿನ ಕನ್ನಡ ಶಾಲೆಯ ಉಪಾಧ್ಯಾಯನಿಗೆ ತನ್ನ ಊರಿನ ಹಿಂದಣ ಸಂಗತಿಯನ್ನು ತಿಳಿಯಲು ಪರಭಾಷೆಯ ಬೀಗದ ಕೈಯೇ ಬೇಕಾಗಿರುವುದು ಎಂತಹ ವಿಪರ್ಯಾಸ! ಹೆಸರು ಬದಲಿಸಲು ಮೆರವಣಿಗೆ ಹೊರಡುವವರಲ್ಲಿ ನಾಲ್ವರಾದರೂ ಒಂದೊಂದು ಸಂಪುಟವನ್ನು ಕನ್ನಡಕ್ಕೆ ತರುವ ಹೊಣೆ ಹೊತ್ತರೆ ಡೇಲಿಯ ಮಂದಿರವು ಹೆಸರು ಬದಲಾಗದೆಯೇ ಕನ್ನಡದ ಮಂದಿರವಾದೀತು. ಸರಕಾರವು ಇದಕ್ಕೆ ಹಣ ಕೊಡಬೇಕು; ವಿಶ್ವವಿದ್ಯಾನಿಲಯಗಳು ಜನ ಕೊಡಬೇಕು; ಪರಿಷತ್ತೂ ಸೊಸೈಟಿಯೂ ಕೂಡಿ ಕೆಲಸ ಮಾಡಬೇಕು. ಎರಡು ಮಂದಿರಗಳಿಗೂ ನಡುವಣ ದೂರವು ನಡೆದುಹೋಗುವಷ್ಟೇ.

ಸಂಘವು ಸುಮ್ಮನೆ ಕುಳಿತಿರುವುದೆಂದು ನಾವು ಹೇಳುತ್ತಿಲ್ಲ. ಈಚಿನ ವರ್ಷಗಳಲ್ಲಿ ಅದು ಬೆಂಗಳೂರಿನ ಸುತ್ತಮುತ್ತಣ ಶಾಸನಗಳನ್ನು ಹುಡುಕಿ, ಹೊಸ ಯಂತ್ರಗಳಿಂದ ಕಲ್ಲಿನ ಮೈಯ ಉಬ್ಬುತಗ್ಗುಗಳನ್ನೆಲ್ಲ ಅಳೆದು ಚಿತ್ರಿಸಿಕೊಳ್ಳುವ ಕಾರ್ಯವನ್ನು ಕೈಗೊಂಡಿರುವುದು. ಚರಂಡಿಗೆ ಹಾಸುಗಲ್ಲಾಗಿ, ಹೊಸ ಮನೆಯ ಪಾಯಕ್ಕೆ ತುಂಬುಗಲ್ಲಾಗಿ ಹೋಗುತ್ತಿರುವ ಶಾಸನಗಳಿಗೆ ಇದು ಕೊನೆಯ ಗಳಿಗೆಯ ಔಷಧ. ಆಂಗ್ಲ ಕಲೆಕ್ಟರನು ಹುಟ್ಟಿಸಿದ ಸಂಘದ ಕೆಲಸವು ಇಂದು ಹಳಗನ್ನಡದ ಅಕ್ಷರಗಳನ್ನು ಕಾಯುವುದಾಗಿರುವುದು.

ಆ ಕಲ್ಲುಗಳಲ್ಲಿ ಒಂದರ ಮಾತು. ಬೆಂಗಳೂರಿಗೆ ದಕ್ಷಿಣದಲ್ಲಿ ಎರಡು ಮೂರು ಹರಿದಾರಿ ದೂರದ ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು ಕ್ರಿ. ಶ. ೮೯೦ರ ವೀರಗಲ್ಲೊಂದಿರುವುದು. ಗಂಗರ ಕಾಲದ್ದು. ಬೆಂಗಳೂರ ಕಾಳಗದಲ್ಲಿ ನಾಗತ್ತರನ ಕಡೆಯ ಬುಟ್ಟಣ ಸೆಟ್ಟಿಯೆಂಬವನು ಸತ್ತನೆಂದು ಅದರಲ್ಲಿ ಬರೆದಿರುವುದು. ಬೆಂಗಳೂರು ಎಂಬ ಹೆಸರು ಕಾಣುವ ಹಳೆಯ ಬರಹಗಳಲ್ಲಿ ಅದು ಮೊದಲನೆಯದು. ಕೆಂಪೇಗೌಡನಿಗಿಂತ ಆರು ನೂರು ವರ್ಷಗಳಿಗೂ ಹಿಂದಿನದು. ನೃಪತುಂಗನ ಆಳ್ವಿಕೆ ಮುಗಿದು ಹೆಚ್ಚು ಕಾಲವಾಗಿರಲಿಲ್ಲ. ಊರಿಗಾಗಿ ಸತ್ತವನ ಹೆಸರನ್ನು ಕಲ್ಲಿಗೇರಿಸುವ ಪದ್ಧತಿಯನ್ನು ನಮಗೆ ಕಾರ್ನ್‌ವಾಲಿಸನ ಜನರು ಕಲಿಸಲಿಲ್ಲ. ಅವರು ತಮ್ಮ ಕಂಬವನ್ನು ನೆಡುವುದಕ್ಕೆ ಒಂಬತ್ತು ಶತಮಾನ ಮೊದಲೇ, ಅದೇ ಊರಿನ ಕಾಳಗಕ್ಕೆ, ಕನ್ನಡದಲ್ಲಿ, ನಮ್ಮ ಹಳ್ಳಿಗರು ಕಲ್ಲು ನಿಲ್ಲಿಸಿದ್ದರು.

ಬೆಂಗಳೂರಿನ ಉಪಾಧ್ಯಾಯರು ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಹೊರಡಲಿ. ಬೆಳಗ್ಗೆ ಬೇಗೂರಿಗೆ ಹೋಗಿ ಆ ಅಕ್ಷರಗಳನ್ನು ಬೆರಳಿಂದ ಮುಟ್ಟದೆ ಕಣ್ಣಿಂದ ಓದಿಸಲಿ. ಅಲ್ಲಿಂದ ಕೋಟೆಗೆ ಬಂದು ಒಡೆದ ಗೋಡೆಯ ಇಂಗ್ಲಿಷ್ ಫಲಕವನ್ನು ತೋರಿಸಿ, ಅದರಲ್ಲಿ ಬಿಟ್ಟುಹೋದ ಕಿಲ್ಲೇದಾರನ ಹೆಸರನ್ನು ಹುಡುಗರ ಪುಸ್ತಕದಲ್ಲಿ ಬರೆಯಿಸಲಿ. ಮಧ್ಯಾಹ್ನ ಹಲಸೂರು ಗೇಟಿನ ಕೂಡುದಾರಿಯನ್ನು ದಾಟಿ, ಕಂಬವಿಲ್ಲದ ಕಂಬದ ಬೀದಿಯಲ್ಲಿ ನಡೆದು, ಸೊಸೈಟಿಯ ಬಾಗಿಲಲ್ಲಿ ನಿಂತು ಮೂರು ಹೆಸರುಗಳನ್ನೂ ಓದಿಸಲಿ. ಮಕ್ಕಳು ಬರೆದುಕೊಂಡುದನ್ನು ನಮಗೆ ಕಳುಹಿಸಿದರೆ ಈ ಪತ್ರಿಕೆಯಲ್ಲಿ ಅದಕ್ಕೆ ಸ್ಥಳವುಂಟು.